ಸೊಪ್ಪು ಅಂದಿದ್ದು ಉಪ್ಪು ಅಂತ ಕೇಳಿಸ್ತಿತ್ತು: ನನ್ನ ಕಿವಿ ಮಷೀನಿನ ಕಥೆ

ನಾನು ಡೊಂಬಿವ್ಲಿಯಲ್ಲಿರೋದು, ವಯಸ್ಸು 69. ಮುಂಬೈ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ 31 ವರ್ಷ ಟೀಚರಾಗಿದ್ದು ರಿಟೈರಾದವಳು. ಹುಟ್ಟೂರು ಹೊನ್ನಾವರದ ಹತ್ರ ಒಂದು ಹಳ್ಳಿ, ಮದುವೆಯಾಗಿ ಬಂದ ಮೇಲೆ ಇಲ್ಲೇ. ಇವತ್ತು ಬರೀತಿರೋದು ಕಿವಿ ವಿಷಯ. ನಮ್ಮ ವಯಸ್ಸಿನವರು ನಾಲ್ಕು ಜನ ಸೇರಿದ್ರೆ ಶುಗರ್ರು, ಬಿಪಿ, ಮಂಡಿ ನೋವು ಎಲ್ಲಾ ಮಾತಾಡ್ತೀವಿ, ಕಣ್ಣಿಗೆ ಪೊರೆ ಬಂದ್ರೆ ಆಪರೇಷನ್ ಮಾಡಿಸ್ಕೊಂಡು ಕರಿ ಕನ್ನಡಕ ಹಾಕ್ಕೊಂಡು ಎಲ್ಲರಿಗೂ ಹೇಳ್ತೀವಿ, ಕಿವಿ ಬಗ್ಗೆ ಮಾತ್ರ ಬಾಯಿ ಬಿಡಲ್ಲ. ನಾನೂ ಬಿಟ್ಟಿರ್ಲಿಲ್ಲ, ಹೆಚ್ಚುಕಡಿಮೆ ಆರು ವರ್ಷ. ಆ ಆರು ವರ್ಷದಲ್ಲಿ ಏನಾಯ್ತು, ಆಮೇಲೆ ಏನೇನು ಮಾಡಿದೆ ಅಂತ ಪೂರ್ತಿ ಬರೀತೀನಿ, ಯಾಕಂದ್ರೆ ನಾನು ಹುಡುಕ್ತಾ ಇದ್ದಾಗ ಹೀಗೆ ಅನುಭವಿಸಿದವರು ಕನ್ನಡದಲ್ಲಿ ಬರ್ದಿದ್ದು ನನಗೆ ಒಂದೂ ಸಿಕ್ಕಿರ್ಲಿಲ್ಲ.

ನಮ್ಮ ಶಾಲೆಗೆ ಬರ್ತಿದ್ದ ಮಕ್ಕಳಲ್ಲಿ ಜಾಸ್ತಿ ಜನ ಕಲಬುರಗಿ, ವಿಜಯಪುರ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ಅವರ ಕನ್ನಡ, ಗಲ್ಲಿಯಲ್ಲಿ ಹಿಂದಿ ಮರಾಠಿ, ಪುಸ್ತಕದಲ್ಲಿ ಇನ್ನೊಂದು ಕನ್ನಡ. ಅವರಿಗೆ ಸ, ಶ, ಷ ತಿದ್ದೋದೇ ನನಗೊಂದು ದೊಡ್ಡ ಕೆಲಸ. 40 ಮಕ್ಕಳು ಒಟ್ಟಿಗೆ ಓದ್ತಿರುವಾಗ ಮೂರನೇ ಬೆಂಚಿನ ಹುಡುಗ 'ಶಾಲೆ'ಗೆ 'ಸಾಲೆ' ಅಂದ್ರೆ ನನ್ನ ಕಿವಿ ಸೀದಾ ಅಲ್ಲಿಗೇ ಹೋಗ್ತಿತ್ತು. ಅಂಥ ಕಿವಿ ನಂದು ಅನ್ನೋ ಹೆಮ್ಮೆ ಇತ್ತು ನನಗೆ, ಅದಕ್ಕೇ ಇರ್ಬೇಕು, ಅದು ಕೈಕೊಡ್ತಿದೆ ಅಂತ ಒಪ್ಕೊಳ್ಳೋಕೆ ಅಷ್ಟು ವರ್ಷ ಹಿಡೀತು.

ಶುರುವಾಗಿದ್ದು 2018ರ ಸುಮಾರಿಗೆ. ಒಂದಿನ ಸೊಸೆ ಹಾಲಿಂದ ಕೂಗಿ 'ಅತ್ತೆ, ಬೇಳೆ ಬೆಂದಿದೆ, ಸೊಪ್ಪು ಹಾಕ್ಬಿಡಿ' ಅಂದ್ಳು. ನನಗೆ ಕೇಳಿಸಿದ್ದು ಉಪ್ಪು ಹಾಕ್ಬಿಡಿ ಅಂತ. ಅವಳು ಆಗ್ಲೇ ಉಪ್ಪು ಹಾಕಿದ್ಳು, ಸಾರು ಬಾಯಿಗಿಡೋ ಹಾಗಿರ್ಲಿಲ್ಲ. ಅವಳು ಸರಿಯಾಗಿ ಬಿಡಿಸಿ ಹೇಳ್ಲಿಲ್ಲ ಅಂತ ನಾನು ಅವಳ ಮೇಲೇ ಹಾಕಿದೆ. ಆಮೇಲೆ ಯಜಮಾನ್ರ ಹಾರ್ಟ್ ಡಾಕ್ಟರ ಕ್ಲಿನಿಕ್‌ನಿಂದ ಫೋನ್, ಸಂಜೆ 'ಸಾತ್ ಬಜೆ', ಅಂದ್ರೆ ಏಳಕ್ಕೆ, ಬನ್ನಿ ಅಂದಿದ್ರು, ನಾನು ಕೇಳಿಸ್ಕೊಂಡಿದ್ದು 'ಆಠ್ ಬಜೆ'. ಎಂಟಕ್ಕೆ ಹೋದ್ರೆ ಡಾಕ್ಟ್ರು ಹೊರಟುಬಿಟ್ಟಿದ್ರು, ಮತ್ತೆ ಹದಿನೈದು ದಿನ ಕಾಯ್ಬೇಕಾಯ್ತು. ಆಗ್ಲೂ ಫೋನ್ ಲೈನೇ ಸರಿ ಇಲ್ಲ ಅಂದೆ. ಎರಡರಲ್ಲೂ ಬಿಟ್ಟುಹೋಗಿದ್ದು ಒಂದೇ ಅಕ್ಷರ, ಸ. ಅದು ನನಗೆ ಹೊಳೆದಿದ್ದು ಎಷ್ಟೋ ವರ್ಷದ ಮೇಲೆ.

2020ರಲ್ಲಿ ಕೊರೊನಾ ಬಂದು ಎಲ್ಲರೂ ಮಾಸ್ಕ್ ಹಾಕ್ಕೊಂಡ್ರು ನೋಡಿ, ಆಗ ಒಂದೇ ಸಲಕ್ಕೆ ನನಗೆ ಯಾರ ಮಾತೂ ತಿಳಿಯದ ಹಾಗಾಯ್ತು. ತರಕಾರಿಯವನು, ಮೆಡಿಕಲ್ ಸ್ಟೋರಿನ ಹುಡುಗ, ಬ್ಯಾಂಕಿನ ಗಾಜಿನ ಹಿಂದಿನ ಮೇಡಂ, ಎಲ್ಲರೂ ಗೊಣಗ್ತಿದಾರೆ ಅನ್ನಿಸ್ತಿತ್ತು. ಅಲ್ಲಿವರೆಗೂ ನಾನು ಅರ್ಧ ಮಾತನ್ನ ಅವರ ತುಟಿ ನೋಡಿ ಓದ್ತಿದ್ದೆ, ಅದು ನನಗೇ ಗೊತ್ತಿರ್ಲಿಲ್ಲ. ತುಟಿ ಮುಚ್ಚಿದ ಕೂಡ್ಲೇ ಬಂಡವಾಳ ಮುಗೀತು.

2021ರಲ್ಲಿ ಮಗನ ಒತ್ತಾಯಕ್ಕೆ ಸ್ಟೇಷನ್ ಹತ್ರದ ಒಂದು ಕಿವಿ ಮಷೀನ್ ಅಂಗಡಿಗೆ ಹೋದ್ವಿ. ಸದ್ದು ಬರದ ರೂಮಿಲ್ಲ, ಏನಿಲ್ಲ, ರಸ್ತೆ ಗಲಾಟೆ ಮಧ್ಯೆ ಒಂದು ಹೆಡ್‌ಫೋನ್ ಹಾಕಿ ಐದು ನಿಮಿಷ ನೋಡಿದ್ರು, ಬಲಗಿವಿಗೆ ಒಂದು ಸಾಕು ಅಂದ್ರು, 9 ಸಾವಿರ ಕೊಟ್ಟು ಬಂದ್ವಿ. ಅದು ಎಲ್ಲಾ ಸದ್ದನ್ನೂ ಒಂದೇ ಸಮ ಏರಿಸ್ತಿತ್ತು, ಫ್ಯಾನು, ಮಿಕ್ಸಿ, ಆಟೋ ಹಾರ್ನು ಎಲ್ಲಾ ತಲೆಗೆ ಬಡಿದ ಹಾಗೆ, ಮಾತು ಮಾತ್ರ ಮೊದಲಿನ ಹಾಗೇ ಮಸುಕು. ಹತ್ತು ದಿನ ಹಾಕಿದೆ, ಆಮೇಲೆ ಕಪಾಟಿನ ಡ್ರಾಯರಿಗೆ ಸೇರ್ತು. ಅದರ ಜೊತೆ ಕೊಟ್ಟಿದ್ದ ಕಂದು ಸ್ಟಿಕರಿನ ಪುಟ್ಟ ಬ್ಯಾಟರಿಗಳು ಇನ್ನೂ ಅಲ್ಲೇ ಇವೆ. ಕಿವಿ ಮಷೀನ್ ಅಂದ್ರೆ ಇಷ್ಟೇ, ನನ್ನ ಹಣೇಲಿ ಬರ್ದಿಲ್ಲ ಅಂತ ತೀರ್ಮಾನ ಮಾಡ್ಕೊಂಡುಬಿಟ್ಟೆ. ಈಗ ನೆನೆಸ್ಕೊಂಡ್ರೆ ಇದಕ್ಕೇ ನನಗೆ ಜಾಸ್ತಿ ಬೇಜಾರು, 9 ಸಾವಿರಕ್ಕಲ್ಲ, ಆ ಒಂದು ಕೆಟ್ಟ ಅನುಭವದಿಂದ ಮತ್ತೆ ಮೂರು ವರ್ಷ ಹೋಯ್ತಲ್ಲ ಅದಕ್ಕೆ.

ಆ ಮೂರು ವರ್ಷ ನಾನು ಕಲಿತಿದ್ದು ತಲೆ ಅಲ್ಲಾಡಿಸೋದನ್ನ. ಯಾರು ಏನಂದ್ರೂ ಹೌದೌದು, ಅಲ್ವಾ ಮತ್ತೆ, ಒಳ್ಳೇದಾಯ್ತು. ಎರಡು ಸಲ 'ಏನಂದ್ರಿ' ಅಂತ ಕೇಳ್ಬಹುದು, ಮೂರನೇ ಸಲ ಕೇಳಿದ್ರೆ ಎದುರಿನವರ ಮುಖ ಒಂಥರಾ ಆಗತ್ತೆ, 'ಬಿಡಿ, ಏನಿಲ್ಲ' ಅಂತಾರೆ. ಈ 'ಬಿಡಿ, ಏನಿಲ್ಲ' ಅನ್ನೋದು ಎಷ್ಟು ಚುಚ್ಚತ್ತೆ ಅಂತ ಕಿವಿ ಸರಿ ಇರೋರಿಗೆ ಹೇಗೆ ಹೇಳ್ಲಿ. ಅದನ್ನ ಕೇಳ್ಬಾರ್ದು ಅಂತಾನೇ ನಗ್ತಾ ತಲೆ ಅಲ್ಲಾಡಿಸೋದು. ಮಾಟುಂಗಕ್ಕೆ ನಾಟಕ, ತಾಳಮದ್ದಳೆ ಅಂತ ಹೋಗ್ತಿದ್ದೆ, ಮೈಸೂರ್ ಅಸೋಸಿಯೇಷನ್ ಹಾಲಿನ ಕಾರ್ಯಕ್ರಮ ಆದಷ್ಟು ತಪ್ಪಿಸ್ತಿರ್ಲಿಲ್ಲ, ಅದನ್ನೂ ಬಿಟ್ಟೆ, ಕಾಲು ನೋವು ಅಂತ ನೆಪ. ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತು ಒಟ್ಟಿಗೆ ಮಾತಾಡುವಾಗ ಎದ್ದು ಅಡುಗೆಮನೆಗೆ ಹೋಗ್ತಿದ್ದೆ.

ಆಮೇಲೆ ಆಗಿದ್ದು ಬರೆಯೋಕೆ ಈಗ್ಲೂ ಕಷ್ಟ. ನಮ್ಮ ಭಜನೆ ಮಂಡಳಿಯಲ್ಲಿ ಕಾರ್ಕಳದ ಒಬ್ಬರಿದಾರೆ, ನಾವೆಲ್ಲಾ ಅಕ್ಕ ಅಂತೀವಿ, ಮೂವತ್ತು ವರ್ಷದ ಸ್ನೇಹ. 2024ರ ಮಾರ್ಚ್ ಇರ್ಬೇಕು, ಭಜನೆ ಮುಗಿದು ಪ್ರಸಾದ ಹಂಚ್ತಿದ್ರು, ಸ್ಟೀಲ್ ತಟ್ಟೆ ಸದ್ದು, ಫ್ಯಾನಿನ ಸದ್ದು, ಮಕ್ಕಳ ಕಿರುಚಾಟ. ಅಕ್ಕ ನನ್ನ ಪಕ್ಕ ಕೂತು ಮೆಲ್ಲಗೆ ಏನೋ ಹೇಳಿದ್ರು. 'ಇವರ ರಿಪೋರ್ಟ್ ಬಂತು' ಅನ್ನೋದು ಕೇಳಿಸ್ತು, ಮುಂದೆ 'ಚೆನ್ನಾಗಿ' ಅನ್ನೋ ಹಾಗಿತ್ತು. ನಾನು ಅವರ ಕೈ ಹಿಡ್ಕೊಂಡು ನಗ್ತಾ 'ಒಳ್ಳೇದಾಯ್ತಲ್ಲ ಅಕ್ಕ, ದೇವರು ದೊಡ್ಡವನು' ಅಂದೆ. ಅವರು ನನ್ನ ಮುಖಾನೇ ನೋಡಿದ್ರು, ಕೈ ಬಿಡಿಸ್ಕೊಂಡು ಎದ್ದು ಹೋದ್ರು. ಅವರು ಹೇಳಿದ್ದು 'ರಿಪೋರ್ಟ್ ಬಂತು, ಚೆನ್ನಾಗಿಲ್ಲ' ಅಂತ. ಅವರ ಯಜಮಾನ್ರಿಗೆ ಕ್ಯಾನ್ಸರ್ ಅಂತ ನನಗೆ ಬೇರೆಯವರಿಂದ ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಅಷ್ಟು ದಿನ ಆಕೆ ನನ್ನ ಬಗ್ಗೆ ಏನಂದ್ಕೊಂಡಿರ್ಬೇಡ. ಆ ರಾತ್ರಿ ನಾನು ನಿದ್ದೆ ಮಾಡ್ಲಿಲ್ಲ, ಬೆಳಿಗ್ಗೆ ಎದ್ದು ಮಗನಿಗೆ ನಾನೇ ಹೇಳಿದೆ, ನನ್ನ ಕಿವಿ ತೋರಿಸ್ಬೇಕು, ಈ ಸಲ ಸರಿಯಾದ ಕಡೆ ಅಂತ.

ಮೊದಲು ಹೋಗಿದ್ದು ಇಎನ್‌ಟಿ ಡಾಕ್ಟರ ಹತ್ರ. ಇದನ್ನ ಯಾರೂ ಬಿಡ್ಬೇಡಿ, ಸೀದಾ ಮಷೀನ್ ಅಂಗಡಿಗೆ ಹೋಗ್ಬೇಡಿ. ನನ್ನ ಎಡಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು, ಡ್ರಾಪ್ಸ್ ಹಾಕಿ ಮೆತ್ತಗೆ ಮಾಡಿ ತೆಗೆದ್ರು. ಕೆಲವರಿಗೆ ಅಷ್ಟಕ್ಕೇ ಕೇಳ್ಸೋದು ಸರಿಯಾಗತ್ತಂತೆ, ನನಗೆ ಆಗ್ಲಿಲ್ಲ. ಡಾಕ್ಟ್ರು ಇನ್ನೊಂದು ಮಾತು ಹೇಳಿದ್ರು, ನನ್ನ ಹಾಗೆ ಎರಡೂ ಕಿವಿ ವರ್ಷಗಟ್ಟಲೆ ನಿಧಾನಕ್ಕೆ ಮಂದವಾಗೋದು ಬೇರೆ, ಒಂದು ದಿನ ಎರಡು ದಿನದಲ್ಲಿ ದಿಢೀರಂತ ಒಂದು ಕಿವಿ ಹೋದ್ರೆ ಅದು ಎಮರ್ಜೆನ್ಸಿ, ಅವತ್ತೇ ಓಡಿ ಬರ್ಬೇಕು, ಔಷಧಿ ಬೇಗ ಶುರು ಮಾಡಿದ್ರೆ ವಾಪಸ್ ಬರೋ ಸಾಧ್ಯತೆ ಇರತ್ತೆ, ತಡ ಮಾಡಿದ್ರೆ ಹೋಯ್ತು. ಶೀತ ಆಗಿರ್ಬೇಕು ಅಂತ ಕಾಯೋರು ತುಂಬಾ ಜನ ಅಂತೆ.

ಟೆಸ್ಟಿಗೆ ಬಾಂದ್ರಾ ರೆಕ್ಲಮೇಷನ್ನಿನಲ್ಲಿರೋ ಅಲಿ ಯಾವರ್ ಜಂಗ್ ಸಂಸ್ಥೆಗೆ ಹೋದ್ವಿ, ಕೇಂದ್ರ ಸರ್ಕಾರದ್ದು, ವಾಕ್ ಮತ್ತು ಶ್ರವಣಕ್ಕೇ ಇರೋ ರಾಷ್ಟ್ರೀಯ ಸಂಸ್ಥೆ, 1983ರಿಂದ ಇದೆ. ಡೊಂಬಿವ್ಲಿಯಿಂದ ದಾದರಿಗೆ ಬಂದು ವೆಸ್ಟರ್ನ್ ಲೈನ್ ಹಿಡಿದು ಬಾಂದ್ರಾದಲ್ಲಿ ಇಳಿದು ಆಟೋ. ಜುಲೈ ತಿಂಗಳು, ಮಳೆ. ಅಲ್ಲಿ ಪುಟ್ಟ ಪುಟ್ಟ ಮಕ್ಕಳನ್ನ ಎತ್ಕೊಂಡು ಬಂದ ತಾಯಂದಿರನ್ನ ನೋಡಿ ನನ್ನ ಸಂಕೋಚ ಅರ್ಧ ಇಳಿದುಹೋಯ್ತು. ಆ ಕೂಸುಗಳು ಮಷೀನ್ ಹಾಕ್ಕೊಂಡು ಆರಾಮಾಗಿ ಆಡ್ತಿವೆ, ನನಗೇನು ನಾಚಿಕೆ.

ಟೆಸ್ಟ್ ಹೇಗಿರತ್ತೆ ಅಂದ್ರೆ, ಹೊರಗಿನ ಸದ್ದೇ ಬರದ ಒಂದು ಪುಟ್ಟ ರೂಮಲ್ಲಿ ಕೂರಿಸ್ತಾರೆ, ಬಾಗಿಲು ಹಾಕಿದ ಕೂಡ್ಲೇ ನಮ್ಮ ಉಸಿರೇ ನಮಗೆ ದೊಡ್ಡದಾಗಿ ಕೇಳಿಸತ್ತೆ. ಹೆಡ್‌ಫೋನಲ್ಲಿ ಪೀಂ ಪೀಂ ಅಂತ ಸದ್ದು ಬರತ್ತೆ, ಎಷ್ಟೇ ಸಣ್ಣಗೆ ಕೇಳಿಸಿದ್ರೂ ಬಟನ್ ಒತ್ಬೇಕು. ದಪ್ಪ ಸದ್ದಿನಿಂದ ಹಿಡಿದು ಹಕ್ಕಿ ಕೂಗಿನಂಥ ತೆಳು ಸದ್ದಿನವರೆಗೆ, 250 ಹರ್ಟ್ಜ್‌ನಿಂದ 8000 ಹರ್ಟ್ಜ್ ತನಕ. ಆಮೇಲೆ ಕಿವಿ ಹಿಂದಿನ ಮೂಳೆ ಮೇಲೆ ಒಂದು ಸಣ್ಣ ಡಬ್ಬಿ ಇಟ್ಟು ಅದರ ಮೂಲಕ ಕೇಳಿಸ್ತಾರೆ, ತೊಂದರೆ ಹೊರಗಿನ ದಾರಿಯಲ್ಲಿದೆಯೋ ಒಳಗಿನ ನರದ ಕಡೆಯೋ ಅಂತ ಅದರಲ್ಲಿ ಗೊತ್ತಾಗತ್ತೆ. ಇನ್ನೊಂದರಲ್ಲಿ ಕಿವಿಗೆ ಗಾಳಿ ಒತ್ತಿ ತಮಟೆ ಸರಿಯಾಗಿ ಅಲುಗತ್ತಾ ನೋಡ್ತಾರೆ. ಯಾವುದೂ ನೋವಾಗಲ್ಲ.

ಕೈಗೆ ಬಂದ ಕಾಗದಕ್ಕೆ ಆಡಿಯೋಗ್ರಾಮ್ ಅಂತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು, ಮೇಲಿದ್ದಷ್ಟೂ ಒಳ್ಳೇದು. ನನ್ನ ಗೆರೆ ಎಡಗಡೆ ಮೇಲೆ ಶುರುವಾಗಿ ಬಲಕ್ಕೆ ಹೋದ ಹಾಗೆ ನಮ್ಮ ಕಡೆ ಗುಡ್ಡ ಇಳಿದ ಹಾಗೆ ಇಳಿದಿತ್ತು. 500 ಹರ್ಟ್ಜ್‌ನಲ್ಲಿ 25 ಡೆಸಿಬೆಲ್ (ಅಷ್ಟು ಜೋರಿದ್ರೆ ಮಾತ್ರ ನನಗೆ ಕೇಳಿಸತ್ತೆ ಅಂತ ಅರ್ಥ), 1000ದಲ್ಲಿ 35, 2000ದಲ್ಲಿ 50, 4000ದಲ್ಲಿ 65. ನಾಲ್ಕರ ಸರಾಸರಿ 44ರ ಹತ್ರ, ಮಧ್ಯಮ ಪ್ರಮಾಣದ ದೋಷ, ಎರಡೂ ಕಿವಿ ಹೆಚ್ಚುಕಡಿಮೆ ಒಂದೇ. ಅಲ್ಲಿದ್ದ ಹುಡುಗಿ, ನನ್ನ ಮೊಮ್ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರ್ಬೇಕು, ಮರಾಠಿಯಲ್ಲಿ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ಳು. ಒಳಗಿವಿ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ, ಅದರೊಳಗೆ ಸಣ್ಣ ಸಣ್ಣ ಕೂದಲಿನಂಥ ಜೀವಕೋಶ, ಒಂದೊಂದು ಕಿವಿಗೆ ಸುಮಾರು 15 ಸಾವಿರ, ಸತ್ತ್ರೆ ಮತ್ತೆ ಹುಟ್ಟಲ್ಲ. ತೆಳು ಸದ್ದು ಹಿಡಿಯೋ ಕೋಶಗಳು ಸುರುಳಿಯ ಬಾಗಿಲ ಹತ್ರವೇ ಇರೋದು, ವಯಸ್ಸಾದ ಹಾಗೆ ಮೊದಲು ಹೋಗೋದು ಅವೇ. ಅ, ಆ, ಉ, ಓ ಎಲ್ಲಾ ದಪ್ಪ ಸದ್ದು, ಅವು ಕೇಳಿಸ್ತಾನೇ ಇರತ್ತೆ, ಅದಕ್ಕೇ ಯಾರೋ ಮಾತಾಡ್ತಿದಾರೆ ಅಂತ ಗೊತ್ತಾಗತ್ತೆ. ಸ, ಶ, ತ, ಕ, ಪ ತೆಳು ಸದ್ದು, ಅವು ಕಿವಿಗೆ ಬೀಳಲ್ಲ, ಅದಕ್ಕೇ ಏನು ಮಾತಾಡಿದ್ರು ಅಂತ ಗೊತ್ತಾಗಲ್ಲ. ಅವಳು ಇದನ್ನ ಹೇಳಿದಾಗ ನನಗೆ ಸೊಪ್ಪು ಉಪ್ಪಾಗಿದ್ದು, ಸಾತ್ ಆಠ್ ಆಗಿದ್ದು ಎಲ್ಲಾ ಒಂದೇ ಸಲ ನೆನಪಾಗಿ ಅಲ್ಲೇ ಕಣ್ಣಲ್ಲಿ ನೀರು ಬಂತು. ಬುದ್ಧಿ ಮಂಕಾಗ್ತಿದೆ ಅಂತ ಒಳಗೊಳಗೇ ಹೆದರಿದ್ದೆ ನಾನು, ಯಾರಿಗೂ ಹೇಳಿರ್ಲಿಲ್ಲ.

60 ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ದಿನದ ಬದುಕಿಗೆ ಅಡ್ಡಿಯಾಗುವಷ್ಟು ಕಿವಿ ಮಂದವಾಗಿರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಹಾಗಿದ್ರೆ ನಮ್ಮ ಭಜನೆ ಮಂಡಳಿಯಲ್ಲೇ ಆರೇಳು ಜನ ಇರ್ಬೇಕಲ್ಲ, ಎಲ್ಲರೂ ನನ್ನ ಹಾಗೇ ತಲೆ ಅಲ್ಲಾಡಿಸ್ಕೊಂಡು ಕೂತಿರ್ಬಹುದಲ್ಲ ಅಂತ ವಾಪಸ್ ಬರುವಾಗ ಟ್ರೈನಲ್ಲಿ ಯೋಚನೆ ಮಾಡ್ತಾ ಬಂದೆ.

ಮನೆಗೆ ಹತ್ತಿರ ಆಗ್ಲಿ, ಪದೇ ಪದೇ ಹೋಗ್ಬೇಕಾಗತ್ತೆ ಅಂತ ಮಷೀನನ್ನ ಠಾಣೆಯ ಒಬ್ಬ ಆಡಿಯಾಲಜಿಸ್ಟ್, ಅಂದ್ರೆ ಕೇಳೋ ಶಕ್ತಿ ಅಳೆದು ಮಷೀನ್ ಹೊಂದಿಸೋ ತಜ್ಞರ ಹತ್ರ ಹಾಕಿಸ್ಕೊಂಡೆ. ಆತ ಓದಿದ್ದು ಮೈಸೂರಿನ ಮಾನಸಗಂಗೋತ್ರಿಯ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಅಂತ ಗೊತ್ತಾಗಿ ನನಗೆ ಎಷ್ಟು ಸಮಾಧಾನ ಆಯ್ತು. ಮಾತಿನ ಟೆಸ್ಟಿಗೆ ಆತ ತುಟಿ ಕಾಣದ ಹಾಗೆ ಬಾಯಿ ಮರೆಮಾಡ್ಕೊಂಡು ಕನ್ನಡ ಪದಗಳನ್ನೇ ಹೇಳಿದ್ರು, ನಾನು ತಿರುಗಿ ಹೇಳ್ಬೇಕು. 25 ಪದದಲ್ಲಿ ನನಗೆ ಸರಿ ಬಂದಿದ್ದು 14. ಜೀವನವಿಡೀ ಉಕ್ತಲೇಖನ ಕೊಟ್ಟ ನನಗೆ 14. ಬೆಲೆ ಕೇಳಿದ್ರೆ, ಒಂದಕ್ಕೆ ಹದಿನೈದು ಇಪ್ಪತ್ತು ಸಾವಿರದಿಂದ ಶುರುವಾಗಿ ಜೋಡಿಗೆ ಲಕ್ಷಗಟ್ಟಲೆ ಹೋಗತ್ತೆ. ನಾವು ಜೋಡಿಗೆ 84 ಸಾವಿರ ಕೊಟ್ವಿ, ಕಿವಿ ಹಿಂದೆ ಕೂತು ತೆಳು ವೈರು ಒಳಗೆ ಹೋಗೋ ಥರದ್ದು, ಚಾರ್ಜ್ ಮಾಡೋದು. ನನ್ನ ಬೆರಳು ಸಂಧಿವಾತಕ್ಕೆ ಸ್ವಲ್ಪ ಸೊಟ್ಟಗಾಗಿವೆ, ಗುಂಡು ಸೂಜಿ ತಲೆಯಷ್ಟು ಬ್ಯಾಟರಿ ವಾರಕ್ಕೊಂದು ಸಲ ಬದಲಾಯಿಸೋದು ನನ್ನ ಕೈಲಾಗಲ್ಲ ಅಂತ ಆತನೇ ನೋಡಿ ಹೇಳಿದ್ರು. ಅಷ್ಟು ಕೊಡೋಕೆ ಆಗದವರಿಗೆ ಅಂಗವಿಕಲರಿಗೆ ಸಾಧನ ಕೊಡೋ ಸರ್ಕಾರದ ಅಡಿಪ್ ಯೋಜನೆ ಇದೆ, ಆದಾಯ ಕಮ್ಮಿ ಇರೋ ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲೂ ಕಿವಿ ಮಷೀನ್ ಕೊಡ್ತಾರೆ, ವಿಚಾರಿಸಿ.

ಎರಡೂ ಕಿವಿಗೆ ಯಾಕೆ ಅಂತ ಕೇಳಿದೆ. ಸದ್ದು ಯಾವ ಕಡೆಯಿಂದ ಬಂತು ಅಂತ ಮೆದುಳು ಲೆಕ್ಕ ಹಾಕೋದೇ ಎರಡು ಕಿವಿಗೆ ಬೀಳೋ ವ್ಯತ್ಯಾಸದಿಂದ, ಗಲಾಟೆಯಲ್ಲಿ ಒಂದು ಮಾತನ್ನ ಹೆಕ್ಕೋದಕ್ಕೂ ಎರಡೂ ಬೇಕು ಅಂದ್ರು. ಆಮೇಲೆ ಕಿವಿಯೊಳಗೆ ಕೂದಲೆಳೆಯಂಥ ಒಂದು ಟ್ಯೂಬ್ ಇಟ್ಟು, ಮಷೀನಿಂದ ಬರೋ ಸದ್ದು ತಮಟೆ ಹತ್ರ ನಿಜವಾಗ್ಲೂ ಎಷ್ಟಿದೆ ಅಂತ ಅಳೆದು ಕಂಪ್ಯೂಟರಲ್ಲಿ ಸರಿ ಮಾಡಿದ್ರು. ನನಗೆ 4000ದ ಕಡೆ ಜಾಸ್ತಿ ಬೇಕು, 500ರಲ್ಲಿ ಹೆಚ್ಚುಕಡಿಮೆ ಬೇಡವೇ ಬೇಡ. ಡ್ರಾಯರಲ್ಲಿರೋ ಮಷೀನಿಗೆ ಈ ಅಳತೆ ಯಾವುದೂ ಇರ್ಲಿಲ್ಲ, ಬೇರೆಯವರ ಅಳತೆಯ ಬ್ಲೌಸ್ ಹಾಕ್ಕೊಂಡ ಹಾಗೆ. ನೀವು ಹಾಕಿಸ್ಕೊಳ್ಳೋದಾದ್ರೆ ಈ ಟ್ಯೂಬಿಟ್ಟು ಅಳೆಯೋ ಟೆಸ್ಟ್ ಮಾಡ್ತೀರಾ ಅಂತ ಕೇಳಿಯೇ ದುಡ್ಡು ಕೊಡಿ.

ಹಾಕ್ಕೊಂಡು ಹೊರಗೆ ಬಂದಿದ್ದು ಆಗಸ್ಟ್ ಮಧ್ಯದಲ್ಲಿ. ಮೆಟ್ಟಿಲಿಳೀತಿದ್ದ ಹಾಗೆ ಯಾರೋ ಹಿಂದೆ ಬರ್ತಿದಾರೆ ಅನ್ನಿಸಿ ತಿರುಗಿ ನೋಡಿದ್ರೆ ಯಾರಿಲ್ಲ, ನನ್ನ ಚಪ್ಪಲಿ ಸದ್ದೇ. ಮನೆಗೆ ಬಂದ್ರೆ ಪೇಪರ್ ತಿರುಗಿಸಿದ್ರೆ ಸದ್ದು, ಪ್ಲಾಸ್ಟಿಕ್ ಕವರ್ ಮುಟ್ಟಿದ್ರೆ ಪಟಪಟ, ನಲ್ಲಿ ಬಿಟ್ರೆ ಜಲಪಾತ, ನನ್ನ ದನಿ ನನಗೇ ಕೊಡಪಾನದೊಳಗೆ ಮಾತಾಡಿದ ಹಾಗೆ. ರಾತ್ರಿ ಕಿಟಕಿ ಗ್ರಿಲ್ಲಿನ ಮೇಲಿನ ತಗಡಿಗೆ ಮಳೆ ಬೀಳೋಕೆ ಶುರುವಾಯ್ತು. ಮಳೆ ಸದ್ದು ಕೇಳಿಸ್ತಾ ಇತ್ತು ನನಗೆ ಅಷ್ಟು ವರ್ಷವೂ, ಆದ್ರೆ ಒಂದೊಂದು ಹನಿ ಬೇರೆ ಬೇರೆಯಾಗಿ ಬಿದ್ದಿದ್ದು ಕೇಳಿಸಿದ್ದು ಅವತ್ತು. ಹೊನ್ನಾವರದ ಮನೆಯ ಅಂಗಳ ನೆನಪಾಯ್ತು. ಮಷೀನ್ ತೆಗೆದಿಟ್ಟು ಮಲಗೋಕೆ ಮನಸ್ಸೇ ಬರ್ಲಿಲ್ಲ.

ಅಲ್ಲಿಗೆ ಎಲ್ಲಾ ಸರಿಯಾಯ್ತು ಅಂದ್ಕೊಂಡ್ರೆ ತಪ್ಪು. ಮುಂದಿನ ಮೂರು ವಾರ ತುಂಬಾ ಕಷ್ಟ. ಸಂಜೆ ಹೊತ್ತಿಗೆ ತಲೆ ಸಿಡೀತಿತ್ತು, ಸುಸ್ತು, ಸಿಟ್ಟು. ಲೋಕಲ್ ಟ್ರೈನಲ್ಲಂತೂ ಕೂರೋಕಾಗ್ತಿರ್ಲಿಲ್ಲ. ಮೆಲ್ಲಗೆ ಹಾಕೋದು ಕಮ್ಮಿ ಮಾಡಿದೆ. ಎರಡು ವಾರ ಬಿಟ್ಟು ಹೋದಾಗ ಆಡಿಯಾಲಜಿಸ್ಟ್ ಕೇಳಿದ್ರು, ದಿನಾ ಎಷ್ಟು ಹೊತ್ತು ಹಾಕ್ತೀರಿ ಟೀಚರ್. ಇಡೀ ದಿನ ಅಂದೆ. ಆತ ಕಂಪ್ಯೂಟರಿಗೆ ಜೋಡಿಸಿ ನೋಡಿದ್ರು, ಎಷ್ಟು ಗಂಟೆ ಹಾಕಿದೀವಿ ಅಂತ ಮಷೀನೇ ಬರ್ಕೊಳತ್ತಂತೆ, ದಿನಕ್ಕೆ ಮೂರು ಗಂಟೆ ಅಂತ ತೋರಿಸ್ತು. ಬೈಲಿಲ್ಲ ಆತ. ಕನ್ನಡಕ ಹಾಕಿದ ತಕ್ಷಣ ಕಾಣತ್ತೆ, ಇದು ಹಾಗಲ್ಲ, ಆರೇಳು ವರ್ಷ ಬರದೇ ಇದ್ದ ಸದ್ದೆಲ್ಲಾ ಈಗ ಒಟ್ಟಿಗೆ ಬರ್ತಿವೆ, ಯಾವುದು ಬೇಕು ಯಾವುದು ಬೇಡ ಅಂತ ಮೆದುಳು ಮತ್ತೆ ಕಲೀಬೇಕು, ಅದಕ್ಕೆ ದಿನವಿಡೀ ಸದ್ದು ಬೀಳ್ತಾ ಇರ್ಬೇಕು, ಹಾಕಿ ತೆಗೆದು ಮಾಡಿದ್ರೆ ಪ್ರತಿ ದಿನವೂ ಮೊದಲನೇ ದಿನವೇ ಆಗತ್ತೆ ಅಂದ್ರು. ಸದ್ದನ್ನ ಸ್ವಲ್ಪ ಇಳಿಸಿ ಕೊಟ್ರು, ಬರೋ ಸಲ ಸ್ವಲ್ಪ ಏರಿಸೋಣ, ಆಮೇಲೆ ಇನ್ನೂ ಸ್ವಲ್ಪ, ಹೀಗೆ ಮೂರು ಸಲಕ್ಕೆ ಪೂರ್ತಿ ಅಳತೆಗೆ ಬಂದ್ವಿ. ಮೊದಲು ಮನೆಯೊಳಗೆ, ಆಮೇಲೆ ಪಾರ್ಕು, ಆಮೇಲೆ ಬಜಾರು, ಕೊನೆಗೆ ಟ್ರೈನು. ಈ ಕ್ರಮ ನನಗೆ ತುಂಬಾ ಉಪಯೋಗಕ್ಕೆ ಬಂತು. ಸೆಪ್ಟೆಂಬರಲ್ಲಿ ಗಣಪತಿ ಬಂದಾಗ ಢೋಲ್ ತಾಷೆ ಹತ್ರ ಹೋಗುವಾಗ ಮಾತ್ರ ಆತ ಹೇಳಿದ ಹಾಗೆ ತೆಗೆದು ಡಬ್ಬಿಯಲ್ಲಿಟ್ಟು ಇಯರ್‌ಪ್ಲಗ್ ಹಾಕ್ಕೊಂಡು ಹೋದೆ, ಉಳಿದಿರೋ ಕೋಶಗಳನ್ನಾದ್ರೂ ಕಾಪಾಡ್ಕೋಬೇಕಲ್ಲ.

ಅಭ್ಯಾಸಕ್ಕೆ ದಾರಿ ತೋರಿಸಿದ್ದು ನನ್ನ ಮೊಮ್ಮಗಳು. ಇಂಗ್ಲಿಷ್ ಮೀಡಿಯಂ ಓದ್ತಾಳೆ, ಕನ್ನಡ ನಾನೇ ಮನೆಯಲ್ಲಿ ಕಲಿಸಿದ್ದು, ಚಿಕ್ಕವಳಿದ್ದಾಗ ದಿನಾ ಹತ್ತು ಪದ ಉಕ್ತಲೇಖನ ಕೊಡ್ತಿದ್ದೆ. 'ಅಜ್ಜಿ, ಈಗ ನಾನು ನಿಂಗೆ ಕೊಡ್ತೀನಿ' ಅಂದ್ಳು. ಊಟ ಆದ ಮೇಲೆ ಅವಳು ನನ್ನ ಬೆನ್ನ ಹಿಂದೆ ನಿಂತು 20 ಪದ ಓದೋದು, ನಾನು ಬರೆಯೋದು. ಬೇಕಂತಲೇ ಕಷ್ಟದ್ದು ಹುಡುಕಿ ತರ್ತಿದ್ಳು, ಕಾಸು ಕಾಲು, ಸೊಪ್ಪು ಉಪ್ಪು, ಪಾಠ ಕಾಟ, ಹಸಿ ಹಸಿರು. ಮೊದಲ ದಿನ 9 ಸರಿ. ಒಂದು ತಿಂಗಳಿಗೆ 13. ಆಮೇಲೆ ಫ್ಯಾನ್ ಹಾಕಿ, ಆಮೇಲೆ ಟಿವಿ ಹಾಕಿ ಓದೋಕೆ ಶುರು ಮಾಡಿದ್ಳು, ಮತ್ತೆ 8ಕ್ಕೆ ಇಳೀತು, ಮತ್ತೆ ಏರ್ತು. ಜನವರಿ ಹೊತ್ತಿಗೆ ಟಿವಿ ಹಾಕಿದ್ರೂ 17. ಆ ನೋಟ್‌ಬುಕ್ ಇಟ್ಕೊಂಡಿದೀನಿ, ಅವಳ ಕೆಂಪು ಪೆನ್ನಿನ ಗುರುತು ಸಮೇತ.

ಮನೆಯವರೂ ಕಲಿಯೋದಿತ್ತು. ಕಿವಿ ಕೇಳದವರ ಹತ್ರ ಎಲ್ಲರೂ ಮಾಡೋ ತಪ್ಪು ಕಿರುಚೋದು. ಕಿರುಚಿದ್ರೆ ಏರೋದು ಆ, ಓ ಅನ್ನೋ ಸ್ವರಗಳು, ಸ ಶ ಅಷ್ಟು ಏರಲ್ಲ, ಇನ್ನೂ ಮುಚ್ಚಿಹೋಗತ್ತೆ, ಮುಖ ಬೇರೆ ಸಿಟ್ಟಿನ ಹಾಗೆ ಕಾಣತ್ತೆ. ಈಗ ನಮ್ಮನೆಯಲ್ಲಿ ಬೇರೆ ರೂಮಿಂದ ಯಾರೂ ಮಾತಾಡಲ್ಲ. ಸೊಸೆ ಹತ್ರ ಬಂದು ಮೊದಲು 'ಅತ್ತೆ' ಅಂತಾಳೆ, ನಾನು ತಿರುಗಿದ ಮೇಲೆ ವಿಷಯ ಹೇಳ್ತಾಳೆ, ನಿಧಾನಕ್ಕೆ, ಮಾಮೂಲಿ ದನಿಯಲ್ಲಿ. ತಿಳೀಲಿಲ್ಲ ಅಂದ್ರೆ ಅದನ್ನೇ ಮತ್ತೆ ಹೇಳೋ ಬದ್ಲು ಬೇರೆ ಪದದಲ್ಲಿ ಹೇಳ್ತಾಳೆ. ಅವಳಿಗೆ ಆ ಉಪ್ಪಿನ ಸಾರಿನ ದಿನದ್ದು ಹೇಳಿ ಕ್ಷಮೆ ಕೇಳಿದೆ, ಅವಳಿಗೆ ಮರ್ತೇ ಹೋಗಿತ್ತು, ಆದ್ರೂ ಅವಳ ಕಣ್ಣು ತುಂಬಿದ್ದು ನಾನು ನೋಡಿದೆ.

ಈ ವಿಷಯಕ್ಕೆ ಡಾಕ್ಟರುಗಳು ಈಗ ಇಷ್ಟು ಮಹತ್ವ ಕೊಡೋದಕ್ಕೆ ಇನ್ನೊಂದು ಕಾರಣ ಮರೆವಿನ ಕಾಯಿಲೆ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ, ಲ್ಯಾನ್ಸೆಟ್ ಕಮಿಷನ್, 2024ರ ವರದಿಯಲ್ಲಿ ಡಿಮೆನ್ಷಿಯಾಕ್ಕೆ ನಾವು ಬದಲಾಯಿಸ್ಬಹುದಾದ 14 ಅಪಾಯದ ಅಂಶಗಳನ್ನ ಪಟ್ಟಿ ಮಾಡಿದೆ, ಅದರಲ್ಲಿ ಕಿವಿ ಮಂದ ಆಗೋದು ದೊಡ್ಡವುಗಳಲ್ಲಿ ಒಂದು. ಮಷೀನ್ ಹಾಕಿದ್ರೆ ಮರೆವು ಬರೋದೇ ಇಲ್ಲ ಅಂತ ಯಾರೂ ಹೇಳಿಲ್ಲ, ಹಾಗೆ ಹೇಳಿ ಮಾರೋಕೆ ಬಂದ್ರೆ ನಂಬಬೇಡಿ. 2023ರಲ್ಲಿ ಅಮೆರಿಕದ ಅಚೀವ್ ಅನ್ನೋ ಅಧ್ಯಯನ ಪ್ರಕಟ ಆಯ್ತು, 70ರಿಂದ 84 ವಯಸ್ಸಿನ 977 ಜನರನ್ನ ಮೂರು ವರ್ಷ ನೋಡಿದ್ರು. ಒಟ್ಟು ಗುಂಪಿನಲ್ಲಿ ಮಷೀನ್ ಕೊಟ್ಟವರಿಗೂ ಕೊಡದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣ್ಲಿಲ್ಲ, ಆದ್ರೆ ಮೊದಲೇ ಅಪಾಯ ಜಾಸ್ತಿ ಇದ್ದವರ ಗುಂಪಿನಲ್ಲಿ ಮಷೀನ್ ಹಾಕಿದವರಿಗೆ ಬುದ್ಧಿಶಕ್ತಿ ಇಳಿಯೋ ವೇಗ 48 ಪರ್ಸೆಂಟ್ ಕಮ್ಮಿ ಇತ್ತು. ನನಗೆ ಶುಗರ್ ಇದೆ, ಬಿಪಿ ಇದೆ. ನನ್ನ ಅಮ್ಮ ಕೊನೆಗಾಲದಲ್ಲಿ ಯಾರ ಜೊತೆಯೂ ಮಾತಾಡದೆ ಮೂಲೆ ಸೇರಿದ್ರು, ಅರಳುಮರಳು ಅಂತ ನಾವೆಲ್ಲಾ ಸುಮ್ಮನಾದ್ವಿ. ಅವರಿಗೆ ಕೇಳಿಸ್ತಾನೇ ಇರ್ಲಿಲ್ವೋ ಏನೋ ಅಂತ ಈಗ ಅನ್ನಿಸತ್ತೆ, ಯಾರೂ ಒಂದು ದಿನ ಅವರ ಕಿವಿ ನೋಡಿಸ್ಲಿಲ್ಲ.

ಪೂರ್ತಿ ಮೊದಲಿನ ಹಾಗೆ ಆಗಿಲ್ಲ, ಅದನ್ನೂ ಹೇಳ್ಬೇಕು. ಮದುವೆ ಹಾಲಿನ ಗದ್ದಲದಲ್ಲಿ ಈಗ್ಲೂ ಕಷ್ಟ, ಗೋಡೆಗೆ ಬೆನ್ನು ಹಾಕಿ ಮೂಲೆ ಟೇಬಲ್ಲಿನಲ್ಲಿ ಕೂತ್ರೆ ವಾಸಿ. ಮಕ್ಕಳು ಬಂದು ತಬ್ಕೊಂಡ್ರೆ ಮಷೀನಿಂದ ಕುಂಯ್ ಅಂತ ಸೀಟಿ ಬರತ್ತೆ. ನಮ್ಮ ಮುಂಬೈ ಮಳೆಗಾಲದ ತೇವ ಇದಕ್ಕೆ ಶತ್ರು, ರಾತ್ರಿ ಸಿಲಿಕಾ ಜೆಲ್ ಇರೋ ಡಬ್ಬಿಯಲ್ಲಿಟ್ಟೇ ಮಲಗ್ತೀನಿ, ತಲೆಗೆ ಎಣ್ಣೆ ಹಚ್ಚುವಾಗ ತೆಗೆದಿಡ್ತೀನಿ, ಗುಗ್ಗೆ ತಡೆಯೋ ಪುಟ್ಟ ಬಿಳಿ ಫಿಲ್ಟರನ್ನ ಕಟ್ಟಿಕೊಂಡಾಗೆಲ್ಲಾ ಬದಲಾಯಿಸ್ತೀನಿ. ಒಂದು ದಿನ ಸದ್ದೇ ಬರ್ತಿಲ್ಲ, ಕೆಟ್ಟುಹೋಯ್ತು ಅಂತ ಗಾಬರಿಯಾಗಿ ಠಾಣೆಗೆ ಓಡಿದ್ದೆ, ಫಿಲ್ಟರ್ ಕಟ್ಟಿತ್ತು ಅಷ್ಟೇ.

ಅಕ್ಕನ ಮನೆಗೆ ಹೋಗಿದ್ದು ಅಕ್ಟೋಬರಲ್ಲಿ. ಅಷ್ಟು ಹೊತ್ತಿಗೆ ಅವರ ಯಜಮಾನ್ರಿಗೆ ಕೀಮೋ ನಡೀತಿತ್ತು. ಬಾಗಿಲಲ್ಲೇ ನಿಂತು ಕೂದಲು ಸರಿಸಿ ಕಿವಿ ತೋರಿಸಿದೆ. 'ಅವತ್ತು ನನಗೆ ಕೇಳಿಸ್ಲಿಲ್ಲ ಅಕ್ಕ. ಕೇಳಿಸ್ಲಿಲ್ಲ ಅಂತ ಹೇಳೋ ಧೈರ್ಯ ಇರ್ಲಿಲ್ಲ' ಅಂದೆ. ಅವರು ಏನೂ ಅನ್ಲಿಲ್ಲ, ಒಳಗೆ ಕರ್ಕೊಂಡು ಹೋಗಿ ಕಾಫಿ ಮಾಡಿದ್ರು. ಆಮೇಲೆ ರಿಪೋರ್ಟಿನ ಕಥೆಯೆಲ್ಲಾ ಮೊದಲಿಂದ ಹೇಳಿದ್ರು, ಒಳಗೆ ಯಜಮಾನ್ರು ಮಲಗಿದ್ರು ಅಂತ ಅವತ್ತಿನ ಹಾಗೇ ಮೆಲ್ಲಗೆ. ಒಂದೂವರೆ ಗಂಟೆ ಕೂತಿದ್ದೆ, ಒಂದು ಸಲವೂ ಸುಳ್ಳು ತಲೆ ಅಲ್ಲಾಡಿಸ್ಲಿಲ್ಲ, ಎರಡು ಕಡೆ 'ಇನ್ನೊಂದ್ಸಲ ಹೇಳಿ ಅಕ್ಕ' ಅಂತ ಕೇಳಿದೆ, ಅವರು ಹೇಳಿದ್ರು.

ಈಗ ನಮ್ಮ ಯಜಮಾನ್ರ ಸರದಿ. 74 ಆಯ್ತು, ಟಿವಿ ವಾಲ್ಯೂಮ್ ದಿನಾ ಒಂದೊಂದು ಗೆರೆ ಏರ್ತಿದೆ, ಮೊದಲು ನನಗದು ಗೊತ್ತೇ ಆಗ್ತಿರ್ಲಿಲ್ಲ, ಈಗ ನಾನೇ ಸಾಕು ಅಂತ ಹೇಳೋ ಹಾಗಾಗಿದೆ. ನನಗೇನಾಗಿಲ್ಲ, ಟಿವಿಯವರೇ ಗೊಣಗ್ತಾರೆ ಅಂತಾರೆ. ನನ್ನ ಬಾಯಲ್ಲೇ ಬಂದಿದ್ದ ಮಾತು ಅದು, ಅದಕ್ಕೆ ಜಗಳ ಮಾಡ್ಲಿಲ್ಲ, ಮೊಮ್ಮಗಳನ್ನ ಅವರ ಬೆನ್ನ ಹಿಂದೆ ನಿಲ್ಸಿ 20 ಪದ ಓದಿಸಿದೆ. 11 ಬಂತು. ಕಾಗದ ತುಂಬಾ ಹೊತ್ತು ನೋಡ್ತಾ ಕೂತ್ರು, ಆಮೇಲೆ 'ಯಾವಾಗ ಹೋಗೋಣ' ಅಂದ್ರು. ಇಎನ್‌ಟಿ ಕ್ಲಿನಿಕ್ಕಿಗೆ ನಾನೇ ಫೋನ್ ಮಾಡಿದೆ, ಸ್ಪೀಕರ್ ಹಾಕದೆ, ಯಾರನ್ನೂ ಪಕ್ಕ ಕೂರಿಸ್ಕೊಳ್ಳದೆ. ಗುರುವಾರ ಸಂಜೆ, ಸಾತ್ ಬಜೆ.